ತೊಗಲಿನಲ್ಲಿ ಒಂದೂ ತೂತಿಲ್ಲ

ದಾಂಬಾ ಮಾವನ ಹಿಂಡಿನಲ್ಲಿ ಎರಡನೇ ಕುದುರೆಮರಿ ಸತ್ತ ದಿನದಿಂದ ನಮ್ಮ ಕಣಿವೆಯವರೆಲ್ಲ ನಮ್ಮ ನಾಯಿಯ ಬಾಯಿಯನ್ನೇ ನೋಡತೊಡಗಿದರು.

ಮೊದಲನೆಯದು ಸತ್ತಾಗ ತೋಳ ಅಂದಿದ್ದರು. ಆದರೆ ತೋಳ ಕೊಂದ ಮೇಲೆ ತಿನ್ನದೆ ಬಿಟ್ಟು ಹೋಗುತ್ತದೆಯೇ? ಎರಡೂ ಮರಿಗಳು ಇದ್ದ ಹಾಗೆಯೇ ಬಿದ್ದಿದ್ದವು. ಹೊಟ್ಟೆ ಹರಿದಿರಲಿಲ್ಲ, ತೊಡೆ ಕಿತ್ತಿರಲಿಲ್ಲ. ಹಸಿವಿಲ್ಲದೆ ಕೊಲ್ಲುವುದು ಒಂದೋ ಮನೆಯಲ್ಲಿ ಉಂಡ ನಾಯಿ, ಇಲ್ಲವೇ ಮನುಷ್ಯ. ಹೀಗೆ ಯೋಚಿಸಿ ಮಾವ ನಮ್ಮ ಗುಡಾರಕ್ಕೆ ಬಂದ.

ಅವನ ಸಂಕಟ ಸುಳ್ಳಲ್ಲ. ಮರಿ ಪಕ್ಕದಲ್ಲಿ ನಿಲ್ಲದೆ ಹೆಣ್ಣು ಕುದುರೆ ಹಾಲು ಇಳಿಸುವುದಿಲ್ಲ. ಹಾಲಿಲ್ಲದಿದ್ದರೆ ಬೇಸಿಗೆಯಿಡೀ ಚರ್ಮದ ಚೀಲ ಒಣಗಿ ನೇತಾಡುತ್ತದೆ, ಹುಳಿಹಾಲು ಕಡೆಯುವ ಸದ್ದೇ ಇರುವುದಿಲ್ಲ. ಉಳಿದಿದ್ದ ಮೂರು ಮರಿಗಳೂ ಹೋದರೆ ಆ ಮನೆಯ ಬೇಸಿಗೆ ಮುಗಿದಂತೆ.

"ನಾಯಿ ಹಿಡ್ಕೊಳ್ಳಿ," ಎಂದು ದೂರದಿಂದಲೇ ಕೂಗಿದ. ಗುಡಾರಕ್ಕೆ ಬಂದವರೆಲ್ಲ ಹಾಗೆಯೇ ಕೂಗುತ್ತಾರೆ, ಅದು ನಮಸ್ಕಾರ ಇದ್ದಂತೆ. ಆದರೆ ಅಂದು ಅವನು ಕುದುರೆಯಿಂದ ಇಳಿಯಲಿಲ್ಲ. ಅಪ್ಪ ನಶ್ಯದ ಬುಡ್ಡಿ ಚಾಚಿದರೆ ಕೈ ನೀಡಲಿಲ್ಲ.

"ಹಿಡ್ಕೊಂಡೇ ಇದೀವಿ, ಇಳಿ ಮಾವ," ಅಂದೆ.

"ಇವತ್ತು ಹಿಡ್ಕೊಂಡಿದೀಯ. ನಿನ್ನೆ ಯಾರು ಹಿಡ್ಕೊಂಡಿದ್ರು?"

"ನಿನ್ನೆ ಕುರಿ ಹಿಂದೆ ಇತ್ತು. ಬೇಕಾದ್ರೆ ಕುರಿಗಳನ್ನೇ ಕೇಳು."

"ಬಾಯಿ ನೋಡು ಇವನದು. ಶಾಲೆ ಅರ್ಧಕ್ಕೆ ಬಿಟ್ಟೋನು, ಬಾಯಿ ಮಾತ್ರ ಪೂರ್ತಿ ಓದಿದೆ." ಅಪ್ಪನ ಕಡೆ ತಿರುಗಿದ. "ನಾಳೆ ಹೊತ್ತು ಮುಳುಗೋದ್ರೊಳಗೆ ಅದನ್ನ ನೀವೇ ಮುಗಿಸಿ. ಇಲ್ಲ ಅಂದ್ರೆ ನಾನು ಬಂದೂಕು ತರ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಹುಳ ಕೊರೆಯತೊಡಗಿತು. ನಾಯಿ ಬಾಸರ್ ನಿಜವಾಗಿ ಕುರಿಯ ಹಿಂದೆಯೇ ಇತ್ತಾ? ನೋಡಿ, ಅನುಮಾನ ಹೀಗೆಯೇ ಅಂಟುವುದು. ಒಬ್ಬ ತಂದು ಬಾಗಿಲಲ್ಲಿ ಇಟ್ಟು ಹೋದರೆ ಸಾಕು, ಮನೆಯವರೆಲ್ಲ ಹಂಚಿಕೊಳ್ಳುತ್ತಾರೆ.

ಮರುದಿನ ಬೆಳಿಗ್ಗೆ ಸಾರುಲ್ ಬೈಕಿನಲ್ಲಿ ಬಂದಳು. ಅವಳು ನಮ್ಮ ಕಣಿವೆಯ ಹುಡುಗಿಯೇ. ಈಗ ಎದುರಿನ ಮೀಸಲು ಬೆಟ್ಟದಲ್ಲಿ ತಾಖಿಗಳನ್ನು, ಅಂದರೆ ಕಾಡು ಕುದುರೆಗಳನ್ನು ಕಾಯುವ ಕೆಲಸ. ಆ ಕೆಲಸದವರನ್ನು ಕಂಡರೆ ನಮಗಾರಿಗೂ ನಂಬಿಕೆಯಿಲ್ಲ. ಇವತ್ತು ಕುದುರೆ ಎಣಿಸುತ್ತಾರೆ, ನಾಳೆ ಹುಲ್ಲುಗಾವಲು ಅಳೆಯುತ್ತಾರೆ, ನಾಡಿದ್ದು ಬೇಲಿ ಹಾಕುತ್ತಾರೆ. ಮರಿ ಸತ್ತ ಸುದ್ದಿ ಇವಳಿಗೆ ಇಷ್ಟು ಬೇಗ ಹೇಗೆ ಮುಟ್ಟಿತು ಎಂದು ನಾನೇ ಅನುಮಾನಪಟ್ಟೆ. ಅಪ್ಪನೇ ಹೇಳಿ ಕಳಿಸಿದ್ದ ಎಂದು ಆಮೇಲೆ ತಿಳಿಯಿತು.

ಅಪ್ಪ, ಸಾರುಲ್, ನಾನು ಮೂವರೂ ಮಾವನ ಗುಡಾರಕ್ಕೆ ಹೋದೆವು. ಹೋದದ್ದೇ ತಡ, ಮಾವ ಶುರುಮಾಡಿದ. ಅಪ್ಪನೂ ಬಿಡಲಿಲ್ಲ. ನಾನಂತೂ ಬಿಡುವವನೇ ಅಲ್ಲ. ಪಕ್ಕದಲ್ಲಿ ಮಾವನ ಹೆಂಡತಿ ದುಲ್ಮಾ ಅತ್ತೆ ಕೂತು ಸತ್ತ ಮರಿಯ ತೊಗಲು ಸುಲಿಯುತ್ತಿದ್ದಳು.

"ಗಂಡಸರದ್ದು ಕೂಗಾಡಿ ಮುಗೀತಾ?" ಅಂದಳು. "ಮುಗಿದಿದ್ರೆ ಇಲ್ಲಿ ಬನ್ನಿ."

ಸುಲಿದ ತೊಗಲನ್ನು ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿದಳು. ಎಲ್ಲಿಂದಲೂ ಬೆಳಕು ತೂರಿ ಬರಲಿಲ್ಲ.

"ನಾಯಿ ಕಚ್ಚಿದ್ರೆ ತೂತು ಎಲ್ಲಿ? ನೀವೇ ಹುಡುಕಿ ಕೊಡಿ. ತೊಗಲಲ್ಲಿ ಒಂದೂ ತೂತಿಲ್ಲ. ಆದ್ರೆ ಕತ್ತು ನೋಡಿ ಇಲ್ಲಿ."

ಮರಿಯ ಕತ್ತಿನ ಹಿಂದೆ, ಮಾಂಸದ ಮೇಲೆ, ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಎರಡು ಕಮಾನು, ಎದುರುಬದುರು. ಮಾವ ಬಗ್ಗಿ ಅದರ ಮೇಲೆ ಬೆರಳಾಡಿಸಿದ. ಹುಟ್ಟಿದಾಗಿನಿಂದ ಕುದುರೆಗಳ ನಡುವೆ ಬೆಳೆದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಇದು ಕುದುರೆ ಹಲ್ಲು," ಅಂದ. ಅಪ್ಪನ ಕಡೆ ತಿರುಗಿದ. "ಹಾಗಾದ್ರೆ ನಿಮ್ಮ ಬೀಜದ ಕುದುರೆ."

"ನಾಯಿ ಹೋಯ್ತು, ಕುದುರೆ ಬಂತು," ಅಂದೆ ನಾನು. "ನಾಳೆ ನಮ್ಮ ಮೇಕೆ ಕಚ್ತು ಅಂತೀಯ. ನಾಡಿದ್ದು ನಮ್ಮಜ್ಜಿ."

ಸಾರುಲ್ ದುರ್ಬೀನನ್ನು ಮಾವನ ಕೈಗೆ ಕೊಟ್ಟು ದಿಣ್ಣೆಯ ಕಡೆ ತೋರಿಸಿದಳು. ಅಲ್ಲಿ ಮಾವನ ಹೆಣ್ಣು ಕುದುರೆಗಳು ಮೇಯುತ್ತಿದ್ದವು. ಅವುಗಳ ನಡುವೆ ನಮ್ಮವಲ್ಲದ ಒಂದು ಗಂಡು. ಗಿಡ್ಡ ಮೈ, ಒಣಹುಲ್ಲಿನ ಬಣ್ಣ, ಬಿಳಿ ಮೂತಿ, ಬ್ರಷ್ಷಿನ ಹಾಗೆ ನೆಟ್ಟಗೆ ನಿಂತ ಜೂಲು.

"ಅದು ಒಂಟಿ ತಾಖಿ," ಅಂದಳು. "ದೊಡ್ಡ ಗಂಡು ಅದನ್ನ ಹಿಂಡಿನಿಂದ ಓಡಿಸಿದೆ. ಹೆಣ್ಣು ಹುಡ್ಕೊಂಡು ಇಳಿದು ಬಂದಿದೆ. ತನ್ನದಲ್ಲದ ಮರಿ ಕಂಡ್ರೆ ಕೆಲವು ಗಂಡುಗಳು ಕತ್ತು ಹಿಡಿದು ಒಗೆದುಬಿಡ್ತವೆ."

"ಅಂದ್ರೆ ನಿಮ್ಮದು. ನಮ್ಮನ್ನ ಇಲ್ಲಿಂದ ಎಬ್ಬಿಸೋಕೆ ಅಂತಾನೇ ಬಿಟ್ಟಿದೀರ. ದುಲ್ಮಾ, ಬಂದೂಕು ಕೊಡು."

ಅತ್ತೆ ಕೂತಲ್ಲಿಂದ ಏಳಲಿಲ್ಲ.

"ಹೊಡಿ ಮಾವ," ಅಂದಳು ಸಾರುಲ್. "ಆದ್ರೆ ಬೆಟ್ಟದಲ್ಲಿ ಇಂಥ ಒಂಟಿ ಗಂಡುಗಳು ಇನ್ನೂ ಇವೆ. ಇದು ಸತ್ರೆ ಇನ್ನೊಂದು ಇಳಿಯುತ್ತೆ. ಅಷ್ಟೊತ್ತಿಗೆ ನೀನು ಜೈಲಲ್ಲಿರ್ತೀಯ, ಅತ್ತೆ ಒಬ್ಬಳೇ ಮರಿ ಕಾಯ್ಬೇಕು. ಒಂದು ಮಾತು ಕೇಳ್ತೀನಿ. ನಿನ್ನ ಬೀಜದ ಕುದುರೆ ಎಲ್ಲಿ?"

ಮಾವ ದುರ್ಬೀನಿನ ಗಾಜು ಒರೆಸತೊಡಗಿದ.

"ಹೇಳು," ಅಂದಳು ಅತ್ತೆ. "ಇಲ್ಲ ನಾನು ಹೇಳ್ಲಾ?"

ಕೊನೆಗೆ ಅತ್ತೆಯೇ ಹೇಳಿದಳು. ವಸಂತದಲ್ಲಿ ಮೀಸಲು ಬೆಟ್ಟದವರು ವ್ಯಾನಿನಲ್ಲಿ ಬಂದು, ಬೀಜದ ಕುದುರೆಗಳನ್ನು ಬೆಟ್ಟದೊಳಗೆ ಬಿಡಬೇಡಿ ಎಂದು ಮೈಕಿನಲ್ಲಿ ಕೂಗಿ ಹೋಗಿದ್ದರು. ಹಿಡಿದು ಬೀಜ ಒಡೆಯುತ್ತಾರೆಂದು ಮಾವ ಹೆದರಿದ. ಯಾರಿಗೂ ಹೇಳದೆ ತನ್ನ ಕೆಂದ ಬಣ್ಣದ ಗಂಡನ್ನು ಬೆಟ್ಟಗಳಾಚೆ ಭಾಮೈದನ ಹಿಂಡಿಗೆ ಸಾಗಿಸಿದ. ಹೆಣ್ಣುಗಳನ್ನು ಮಾತ್ರ ಇಲ್ಲಿಯೇ ಬಿಟ್ಟ. ಹಿಂಡಿಗೆ ಯಜಮಾನ ಇಲ್ಲದಂತಾಯಿತು. ಆ ಜಾಗ ಖಾಲಿಯಿರುವುದು ಒಂಟಿ ತಾಖಿಗೆ ತಿಳಿಯಿತು.

"ಬೆಟ್ಟದೊಳಗೆ ಬಿಡ್ಬೇಡಿ ಅಂದ್ವಿ ಮಾವ," ಅಂದಳು ಸಾರುಲ್. "ಹೆಣ್ಣುಗಳಿಂದ ಬೇರೆ ಮಾಡಿ ಅಂದ್ವಾ?"

ಆಗ ನನಗೆ ಅವಳ ಮೇಲೂ ಸಿಟ್ಟು ಬಂತು. "ನೀವು ಏನು ಹೇಳಿದ್ರಿ? ಒಂದು ಸಾಲು ಕೂಗಿ ಧೂಳೆಬ್ಬಿಸಿ ಹೋದ್ರಿ. ಚಹಾ ಕುಡಿಯೋಕೂ ಇಳೀಲಿಲ್ಲ. ಯಾಕೆ ಅಂತ ಒಬ್ರಾದ್ರೂ ಹೇಳಿದ್ರಾ?"

ಅವಳು ನನ್ನನ್ನೇ ನೋಡಿದಳು. "ಇಲ್ಲ. ಹೇಳ್ಲಿಲ್ಲ. ಅದು ನಮ್ಮ ತಪ್ಪು. ಈಗ ಹೇಳ್ತೀನಿ, ಕೂತ್ಕೋ."

ಅತ್ತೆ ಉಪ್ಪಿನ ಚಹಾ ಕಾಸಿದಳು. ಸಾರುಲ್ ಹೇಳಿದ್ದು ಇಷ್ಟು. ನಮ್ಮ ಅಜ್ಜಂದಿರ ಕಾಲದಲ್ಲಿ ತಾಖಿ ಈ ನಾಡಿನಿಂದ ಪೂರ್ತಿ ಅಳಿದುಹೋಗಿತ್ತು. ದೂರದೇಶದ ಬೋನುಗಳಲ್ಲಿ ಉಳಿದಿದ್ದ ಕೆಲವೇ ಕೆಲವು ತಾಖಿಗಳ ಮರಿ, ಮೊಮ್ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ವಿಮಾನದಲ್ಲಿ ತಂದು ಮತ್ತೆ ಬಿಟ್ಟಿದ್ದಾರೆ. ನಾವು ಸಾಕಿದ ಗಂಡು ಕುದುರೆ ತಾಖಿ ಹೆಣ್ಣಿನ ಜೊತೆ ಸೇರಿದರೆ ಹುಟ್ಟುವುದು ಬೆರಕೆ. ಬೆರಕೆಗೂ ಮರಿಗಳಾಗುತ್ತವೆ. ಹೀಗೇ ಬಿಟ್ಟರೆ ಗುಂಡು ಹಾರಿಸದೆಯೇ ತಾಖಿ ಮುಗಿದುಹೋಗುತ್ತದೆ.

"ಈ ಹೆಣ್ಣುಗಳು ಆಗ್ಲೇ ಆ ಕಾಡುಗಂಡಿಗೆ ಗಬ್ಬ ಆಗಿದ್ರೆ?" ಅತ್ತೆ ಕೇಳಿದಳು. "ಮರಿ ಕಿತ್ಕೊಂಡು ಹೋಗ್ತೀರಾ?"

"ಇಲ್ಲ ಅತ್ತೆ. ಬಚ್ಚಿಡ್ಬೇಡಿ, ಅಷ್ಟೆ. ಗಂಡು ಮರಿ ಆದ್ರೆ ಬೀಜ ಒಡೆಸ್ಬೇಕು. ಹೆಣ್ಣಾದ್ರೆ ಬೆಟ್ಟದ ಕಡೆ ಬಿಡ್ಬಾರ್ದು. ಎರಡೂ ನಿಮ್ಮ ಹತ್ರನೇ ಇರ್ತವೆ."

"ನಮ್ಮ ಹುಲ್ಲುಗಾವಲು?" ಮಾವ ಬಾಯಿಬಿಟ್ಟ. "ಕೊನೆಗೆ ಅದನ್ನ ಕಿತ್ಕೊಳ್ಳೋಕೆ ತಾನೆ ಇದೆಲ್ಲ?"

"ಮುಂದೆ ಏನಾಗುತ್ತೋ ನಂಗೂ ಗೊತ್ತಿಲ್ಲ ಮಾವ, ಸುಳ್ಳು ಹೇಳಲ್ಲ. ಗಡಿ ಬಗ್ಗೆ ಸಭೆ ಕರೆದಾಗ ನೀನು ಬಾ, ಅಲ್ಲಿ ಜಗಳ ಆಡು. ನೀನು ಬರದೇ ಇದ್ರೆ ಬಂದವರು ಗೀಚಿದ್ದೇ ಗಡಿ."

ಮಾವ ಇದಕ್ಕೆ ತಲೆಯಾಡಿಸಿದ. ಅವಳ ಮಾತುಗಳಲ್ಲಿ ಅವನು ನಂಬಿದ್ದು ಅದೊಂದನ್ನೇ ಇರಬೇಕು.

ಅವತ್ತೇ ನಾವು ದಿಣ್ಣೆ ಹತ್ತಿ ಹೆಣ್ಣುಗಳನ್ನು ಕೆಳಗೆ ಹೊಡೆದುಕೊಂಡು ಬಂದೆವು. ಮೂರೂ ಮರಿಗಳನ್ನು ಗುಡಾರದ ಮುಂದೆ ಹಗ್ಗದ ಸಾಲಿಗೆ ಕಟ್ಟಿದೆವು. ಸಾರುಲ್ ಮತ್ತು ಅವಳ ಜೊತೆಯವರು ಒಂಟಿ ಗಂಡನ್ನು ಬೆಟ್ಟದತ್ತ ತಿರುಗಿಸಿದರು. ಅದು ಮತ್ತೆ ಬಂತು. ಮತ್ತೆ ತಿರುಗಿಸಿದರು. ಅಪ್ಪ ಮತ್ತು ಮಾವ ಭಾಮೈದನಲ್ಲಿಗೆ ಹೋಗಿ ಕೆಂದ ಗಂಡನ್ನು ಕರೆತಂದರು.

ಅದು ಬಂದ ಗಳಿಗೆ ನೋಡಬೇಕಿತ್ತು. ಹಗ್ಗ ಬಿಚ್ಚಿದ್ದೇ ಕತ್ತು ನೆಲಕ್ಕೆ ತಗ್ಗಿಸಿ ಹೆಣ್ಣುಗಳ ಸುತ್ತ ಓಡಿತು, ಚದುರಿದ್ದವನ್ನು ಒತ್ತರಿಸಿ ಒಂದೆಡೆ ತಂದಿತು. ದಿಣ್ಣೆಯ ಮೇಲೆ ತಾಖಿ ನಿಂತಿತ್ತು. ಎರಡೂ ಒಂದನ್ನೊಂದು ನೋಡಿದವು. ಕೆಂದ ಗಂಡು ನಾಲ್ಕು ಹೆಜ್ಜೆ ಮುಂದೆ ಹೋಗಿ ನೆಲ ಕೆರೆಯಿತು. ತಾಖಿ ಸ್ವಲ್ಪ ಹೊತ್ತು ನಿಂತು, ತಿರುಗಿ, ತನ್ನ ಬೆಟ್ಟಕ್ಕೆ ಹೋಯಿತು. ಮೂರು ಮರಿಗಳೂ ಬದುಕಿದವು. ಅತ್ತೆಯ ಚೀಲದಲ್ಲಿ ಹುಳಿಹಾಲು ನೊರೆಯೆದ್ದಿತು.

ಆಮೇಲೆ ಹಿಂಡು ಸಾಕುವವರ ಸಭೆಯಲ್ಲಿ ಮಾವ ಎದ್ದು ನಿಂತ. "ಈ ಬೆಟ್ಟದವರನ್ನ ನಾನು ಈಗಲೂ ನಂಬಲ್ಲ," ಅಂದ. "ಆದ್ರೆ ಬೀಜದ ಕುದುರೆನ ಹಿಂಡಿನ ಜೊತೆ ಇಡಿ, ಹಿಂಡನ್ನ ಮೀಸಲು ಬೆಟ್ಟದ ಮುಂದಿನ ಹೊಳೆಯಿಂದ ಈಚೆ ಇಡಿ. ಇಡದಿದ್ರೆ ಏನಾಗುತ್ತೆ ಅಂತ ನಾನೇ ಕಣ್ಣಾರೆ ನೋಡಿದೀನಿ." ಹೇಳಿ ಕೂತ.

ಈಗ ನಿಮಗೆ ಹೇಳುತ್ತೇನೆ. ಇದನ್ನು ಓದುತ್ತಿರುವವರೇ, ಇದನ್ನು ಓದಿಸಿ ಕೇಳುತ್ತಿರುವವರೇ, ಎದ್ದು ಹೊರಗೆ ಹೋಗಿ ನಿಮ್ಮ ಹಿಂಡು ನೋಡಿ. ಯಜಮಾನ ಗಂಡು ಜೊತೆಯಲ್ಲಿದೆಯೇ? ಇಲ್ಲದಿದ್ದರೆ ತನ್ನಿ, ಇಲ್ಲವೇ ಗಂಡಿರುವ ನೆರೆಯವರ ಹಿಂಡಿಗೆ ಹೆಣ್ಣುಗಳನ್ನು ಸೇರಿಸಿ. ಮರಿ ಹಾಕುವ ಕಾಲದಲ್ಲಿ ತಾಖಿ ಮೇಯುವ ಬೆಟ್ಟಕ್ಕೆ ಹಿಂಡನ್ನು ಹೊಡೆಯಬೇಡಿ. ಮರಿ ಸತ್ತರೆ ಯಾರನ್ನೂ ಬಯ್ಯುವ ಮೊದಲು ತೊಗಲು ಸುಲಿದು ಕತ್ತು ನೋಡಿ. ಒಂಟಿ ಗಂಡು ಹಿಂಡಿಗೆ ಬಂದರೆ ಬಂದೂಕು ಬೇಡ, ಕಾವಲಿನವರನ್ನು ಕರೆಯಿರಿ, ಅವರು ಬರದಿದ್ದರೆ ಹೋಗಿ ಅವರ ಬಾಗಿಲು ಬಡಿಯಿರಿ. ಬೆರಕೆ ಮರಿ ಹುಟ್ಟಿದರೆ ಮುಚ್ಚಿಡಬೇಡಿ.

ಯಾರನ್ನೂ ಕುರುಡಾಗಿ ನಂಬಿ ಎಂದು ನಾನು ಹೇಳುವುದಿಲ್ಲ. ನಾನೂ ನಂಬುವುದಿಲ್ಲ. ಕೇಳಿ, ಜಗಳವಾಡಿ, ಯಾಕೆ ಎಂದು ಹೇಳುವವರೆಗೆ ಅವರನ್ನು ಬೈಕು ಹತ್ತಲು ಬಿಡಬೇಡಿ. ಆದರೆ ಹೆದರಿ ಬಚ್ಚಿಡುವ ಕೆಲಸ ಮಾತ್ರ ಮಾಡಬೇಡಿ. ಹಾಗೆ ಬಚ್ಚಿಟ್ಟ ಕಡೆಯಲ್ಲಿ ಈ ವರ್ಷ ಎರಡು ಮರಿಗಳು ಸತ್ತಿವೆ.