ಪೆಟ್ಟಿಗೆಯ ಕೈಗಳು

“ಒಂದೊಂದು ಜೊತೆ ಹಾಕ್ಕಳ್ರಿ, ನಾಚಿಕೆ ಪಡಬ್ಯಾಡ್ರಿ,” ಎನ್ನುತ್ತ ಬಕ್ಕೇಶಪ್ಪ ರಬ್ಬರ್ ಕೈಗವಸಿನ ಡಬ್ಬಿ ಹಿಡಿದು ಭಾನುವಳ್ಳಿಯ ಗದ್ದೆಯ ಬದುವಿನ ಮೇಲೆ ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಿದ್ದರು. ಮದುವೆಮನೆಯಲ್ಲಿ ಎಲೆ ಅಡಿಕೆ ಹಂಚುವವರ ಠೀವಿ ಅವರದು. ಮಂಡಿಪೇಟೆಯಲ್ಲಿ ನಲವತ್ತು ವರ್ಷ ಅಕ್ಕಿ ಮಾರಿದ ಹಿರಿಯರ ಮಾತು ತೆಗೆದುಹಾಕುವ ಧೈರ್ಯ ಯಾರಿಗಿದೆ? ಎಲ್ಲರೂ ತೊಟ್ಟುಕೊಂಡರು.

ವಿಭೂತಿ ಬಳಿದು, ಹೂ ಹಾಕಿ ಕೂರಿಸಿದ್ದ ಹೆಣ ನಾಗಭೂಷಣನದು; ಬಕ್ಕೇಶಪ್ಪನವರ ತೀರಿಹೋದ ತಮ್ಮನ ಮಗ. ವಯಸ್ಸು ಮೂವತ್ತೆಂಟು. ರಜೆಗೆ ಬಂದವನು ನಿನ್ನೆ ಚಹಾದ ಲೋಟ ಕೈಯಲ್ಲಿರುವಾಗಲೇ ಗೋಡೆಗೆ ಒರಗಿ ಹೋಗಿಬಿಟ್ಟಿದ್ದ. ಹೃದಯ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟರು. ಬಕ್ಕೇಶಪ್ಪನವರಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಡಾಕ್ಟರೇಟು ಮುಗಿದ ಮೇಲೂ ಹತ್ತು ವರ್ಷ ದೇಶ ದೇಶದ ಪ್ರಯೋಗಾಲಯ ಅಲೆದು ಯುರೇನಿಯಂ ಜೊತೆಗೇ ಕೆಲಸ ಮಾಡಿದವನಿಗೆ ಅದರ ವಿಷ ಮೈಗೇರದೆ ಇರುತ್ತದೆಯೇ?

“ಸಾವ್ಕಾರ್ರೆ, ಅದು ನೆಲಕ್ಕೂ ಇಳೀತೈತಾ?” ಗುಂಡಿ ತೋಡಿ ಮೇಲೆ ಬಂದ ಮಾರಪ್ಪ ಮೆಲ್ಲಗೆ ಕೇಳಿದ.

“ನಂಗೇನ್ ಗೊತ್ತಪ್ಪ? ನೀನು ಮಾತ್ರ ಗವಸು ತೆಗೀಬ್ಯಾಡ.”

ಸತ್ತವನ ತಂಗಿ ಪೂಜಾ ಅತ್ತು ಕೆಂಪಾದ ಕಣ್ಣೆತ್ತಿದಳು. “ದೊಡ್ಡಪ್ಪ, ಮೊನ್ನೆ ಅಣ್ಣ ನಿಮ್ಮನೆಗೆ ಬಂದು ಮಂಡಕ್ಕಿ ಕಲಸಿ ಕೊಟ್ಟನಲ್ಲ, ಅದನ್ನೂ ಗವಸು ಹಾಕ್ಕಂಡೇ ತಿಂದ್ರಾ?”

ಬಕ್ಕೇಶಪ್ಪ ಡಬ್ಬಿಯ ಮುಚ್ಚಳ ಸರಿಪಡಿಸಿದರು. ಮೊನ್ನೆ ಎರಡು ಸಲ ಹಾಕಿಸಿಕೊಂಡು ತಿಂದಿದ್ದರು.

*

ಮೊನ್ನೆ ನಾಗಭೂಷಣ ದೊಡ್ಡ ಪಾತ್ರೆಯ ಮುಂದೆ ಕೂತು ಈರುಳ್ಳಿ, ಖಾರ, ಅರಿಶಿನದ ಎಣ್ಣೆ ಎಲ್ಲ ಸುರಿದು ಮೊಣಕೈವರೆಗೂ ಮಂಡಕ್ಕಿ ಕಲಸಿದ್ದ. ಚಮಚ ಕೊಡಹೋದವರನ್ನು ಗದರಿಸಿದ್ದ.

“ಅಲ್ಲಿ ಲ್ಯಾಬಿನಾಗ ಒಂದನ್ನೂ ಬರಿಗೈಲಿ ಮುಟ್ಟಂಗಿಲ್ಲ, ದೊಡ್ಡಪ್ಪ. ಇಲ್ಲಾದ್ರೂ ಮುಟ್ತೀನಿ ಬಿಡ್ರಿ.”

“ಅದಿರ್ಲಿ, ಕೆಲ್ಸ ಖಾಯಂ ಆತೇನೋ?”

“ಇಲ್ಲ, ಇನ್ನೊಂದ್ ವರ್ಷಕ್ಕೆ ಮಾತ್ರ ಕಾಗ್ದ ಕೊಟ್ಟಾರೆ.” ನಗುತ್ತ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಗಾಜಿನ ಪೆಟ್ಟಿಗೆ, ಒಳಗೆ ಕೈ ಹಾಕಿ ಕೆಲಸ ಮಾಡಲು ಅದರ ಗೋಡೆಗೇ ಕೂಡಿಸಿದ ಎರಡು ಉದ್ದನೆಯ ಕಪ್ಪು ಗವಸುಗಳು ಉಬ್ಬಿಕೊಂಡು ಹೊರಗೆ ಚಾಚಿದ್ದವು. “ಯಾರೂ ಇಲ್ದಾಗ ಒಳಗಿನ ಗಾಳಿ ಒತ್ತಿ ಹಿಂಗೆ ನಿಂತಿರ್ತಾವೆ. ಬೆಳಗ್ಗೆ ಹೋದ ಕೂಡ್ಲೆ ಒಂದ್ಸಲ ಕೈ ಕುಲುಕ್ತೀನಿ. ಅಲ್ಲಿ ನಂಗೆ ಮತ್ಯಾರು ಅದಾರೆ?”

ಪೆಟ್ಟಿಗೆಯೊಳಗೆ ಹೆಬ್ಬೆರಳಿನಷ್ಟು ಸೀಸೆ, ಅದರಲ್ಲಿ ನೇರಳೆ ಹಣ್ಣಿನ ಬಣ್ಣದ ದ್ರವ.

“ಇದು ನಾ ಮಾಡಿದ್ದು. ಪ್ರಪಂಚದಾಗ ಬ್ಯಾರೆಲ್ಲೂ ಇಲ್ಲ.”

“ಏನಕ್ಕೆ ಬರ್ತೈತೆ?”

“ಇನ್ನೂ ಗೊತ್ತಿಲ್ಲ. ಎಷ್ಟ್ ಚಂದ ಐತೆ ನೋಡ್ರಿ.”

“ವಿಷ ಅಂತ ಪೆಟ್ಟಿಗ್ಯಾಗ ಇಟ್ಟಾರೇನು?”

“ವಿಷಾನೂ ಹೌದು. ಆದ್ರೆ ಈ ಪೆಟ್ಟಿಗೆ ಇರೋದು ಅದನ್ನ ಕಾಯಾಕೆ. ನಮ್ಮ ಗಾಳಿ ಒಂಚೂರು ತಾಗಿದ್ರೂ ಮುಗೀತು, ಬಣ್ಣ ಹೋಗಿಬಿಡ್ತೈತೆ.”

ಮಂಡಕ್ಕಿ ತಿನ್ನುವ ಭರದಲ್ಲಿ ಬಕ್ಕೇಶಪ್ಪ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಊಟದ ನಂತರದ ಜೊಂಪಿನ ಕನಸಿನಲ್ಲಿ ಮಾತ್ರ ಭಾನುವಳ್ಳಿಯ ಗದ್ದೆಯೆಲ್ಲ ನೇರಳೆ ಬಣ್ಣದ ತೆನೆ ಬಿಟ್ಟು ತೂಗುತ್ತಿತ್ತು. ಅದರ ನಡುವೆ ಹುಡುಗ ಎರಡೂ ಕೈ ಚಾಚಿಕೊಂಡು ನಡೆಯುತ್ತಿದ್ದ. ಎಚ್ಚರವಾದಾಗ ಅವರಿಗೆ ಯಾಕೋ ಸಂತೋಷವಾಗಿತ್ತು.

*

“ಮನೆ ಹಿರೇರು ಇಳೀರಿ,” ಎಂದರು ಅಯ್ಯನವರು. ಗುಂಡಿಯೊಳಗಿನ ಗೂಡಿನಲ್ಲಿ ನಾಗಭೂಷಣನನ್ನು ಪದ್ಮಾಸನ ಹಾಕಿ ಕೂರಿಸಿ ಆಗಿತ್ತು. ಅವನ ಎಡ ಅಂಗೈಯಲ್ಲಿ ಲಿಂಗ ಇಡುವುದೊಂದು ಉಳಿದಿತ್ತು. ಬಕ್ಕೇಶಪ್ಪ ಗವಸನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಇಳಿದರು. ಬೆರಳುಗಳು ಸೆಟೆದಿದ್ದವು. ರಬ್ಬರು ಜಾರಿತು, ಮತ್ತೆ ಹಿಡಿದರೆ ಮತ್ತೆ ಜಾರಿತು.

“ಬಾವಾರೆ,” ಮೇಲಿನಿಂದ ನಾಗಭೂಷಣನ ತಾಯಿ ಬಸವಣ್ಣೆಮ್ಮನ ದನಿ ಬಂತು. “ಗವಸಿನ ಕೈಲಿ ಬ್ಯಾಡ್ರಿ. ಹತ್ತು ವರ್ಷ ನನ್ ಮಗ ಗವಸಿನಾಗೇ ಬದುಕಿದ. ಕಡೀಗಾದ್ರೂ ಮನೇರು ಮುಟ್ಟಿ ಕಳಿಸ್ಬೇಕಲ್ರಿ. ನಿಮಗೆ ಅಂಜಿಕೆ ಆದ್ರೆ ಹತ್ತಿ ಬರ್ರಿ, ನಾನೇ ಇಳೀತೀನಿ.”

ಬಕ್ಕೇಶಪ್ಪ ಗವಸು ಕಿತ್ತು ಮೇಲಕ್ಕೆಸೆದರು. ತಣ್ಣಗಿನ ಆ ಕೈಯನ್ನು ಬರಿಗೈಯಲ್ಲಿ ಹಿಡಿದು ಒಂದೊಂದೇ ಬೆರಳು ಬಿಡಿಸಿದರೆ ಉಗುರಿನ ಸಂದಿಯಲ್ಲೆಲ್ಲ ಹಳದಿ. ಕೈ ಹಿಂದಕ್ಕೆ ಎಳೆದುಕೊಂಡುಬಿಟ್ಟರು. ಯುರೇನಿಯಂ ಹೊರಗೆ ಬಂತು ನೋಡು ಎಂದುಕೊಂಡರು. ಮತ್ತೆ ಬಗ್ಗಿ ನೋಡಿದರು.

ತಮ್ಮ ಉಗುರುಗಳಲ್ಲೂ ಅದೇ ಹಳದಿ ಇತ್ತು.

“ಅರಿಶಿನ ಕಣ್ರೋ!” ಬಕ್ಕೇಶಪ್ಪ ಗುಂಡಿಯೊಳಗಿಂದ ಕೂಗಿದರು. “ಮೊನ್ನೆ ಮಂಡಕ್ಕಿ ಕಲಸಿದ ಅರಿಶಿನ!” ಲಿಂಗವನ್ನು ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿ, ತಮ್ಮ ಎರಡೂ ಕೈಗಳಿಂದ ಮುಚ್ಚಿ ಹಿಡಿದು, ಮಗುವಿನಂತೆ ಅತ್ತರು. ಮೇಲೆ ಮೊದಲು ಗವಸು ತೆಗೆದವನು ಮಾರಪ್ಪ. ಆಮೇಲೆ ಎಲ್ಲರೂ ತೆಗೆದು ಬರಿಗೈಯಲ್ಲೇ ಪತ್ರೆ ಹಾಕಿದರು, ಮಣ್ಣು ಹಾಕಿದರು.

ಕಾಲುವೆಯಲ್ಲಿ ಕೈ ತೊಳೆಯಲು ಜನ ಹೊರಟರು. ಬಕ್ಕೇಶಪ್ಪ ಹಿಂದುಳಿದರು. ಅವರು ಎಸೆದ ಗವಸೊಂದು ಬೇಲಿಯ ಗೂಟಕ್ಕೆ ಸಿಕ್ಕಿಕೊಂಡಿತ್ತು. ಗದ್ದೆಯ ಮೇಲಿಂದ ಬಂದ ಗಾಳಿ ಅದರ ಬಾಯೊಳಗೆ ನುಗ್ಗಿತು. ಹೆಬ್ಬೆರಳು ಎದ್ದಿತು, ಆಮೇಲೆ ಉಳಿದ ನಾಲ್ಕು ಬೆರಳುಗಳೂ ತುಂಬಿಕೊಂಡು ಅವರತ್ತ ಚಾಚಿ ನಿಂತವು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಬಕ್ಕೇಶಪ್ಪ ಹತ್ತಿರ ಹೋದರು. ಮಣ್ಣು ಮೆತ್ತಿದ ಬಲಗೈ ಮುಂದೆ ಮಾಡಿ, ಅದನ್ನು ಹಿಡಿದು, ಮೆಲ್ಲಗೆ ಕುಲುಕಿದರು.