ಅಪ್ಪನ ನಮಾಜಿನ ನಾಲ್ಕು ಕೂಗು

ಸತ್ತವರ ನಮಾಜಿನಲ್ಲಿ ಬಗ್ಗುವುದಿಲ್ಲ, ನೆಲಕ್ಕೆ ಹಣೆ ಹಚ್ಚುವುದಿಲ್ಲ. ನಿಂತೇ ಇರಬೇಕು. ಇಮಾಮರು ನಾಲ್ಕು ಸಲ ‘ಅಲ್ಲಾಹು ಅಕ್ಬರ್’ ಎಂದು ಕೂಗುತ್ತಾರೆ. ನಮಾಜು ಎಲ್ಲಿಗೆ ಬಂತೆಂದು ತಿಳಿಯಲು ಹಿಂದೆ ನಿಂತವರಿಗೆ ಆ ದನಿಯೊಂದೇ ದಾರಿ.

ಅಪ್ಪ ಬೆಲ್ಕಾಸೆಮ್ ತೀರಿಕೊಂಡ ಮರುದಿನ, ಉತ್ತರ ಫ್ರಾನ್ಸಿನ ನಮ್ಮ ಗಲ್ಲಿಯ ಮಸೀದಿ ಅಂಗಳದಲ್ಲಿ, ಅಣ್ಣ ಮೌಲೂದ್ ಮೈಕಿನ ತಂತಿ ಕಿತ್ತ.

“ಇದು ಬೇಡಮ್ಮ. ಮೊನ್ನೆ ಟೀವೀಲಿ ಆ ಪಂಡಿತ ಹೇಳ್ಲಿಲ್ವಾ, ‘ಅಲ್ಲಾಹು ಅಕ್ಬರ್’ ಅಂತ ಕೇಳಿದ್ರೆ ಬಾಂಬ್ ಬಿತ್ತು ಅಂತ್ಲೇ ಲೆಕ್ಕ ಅಂತ? ಹೋದ ಸಲ ಇಲ್ಲಿ ಸಾವಿನ ನಮಾಜಾದಾಗ ಎದುರು ಮನೆಯೋರು ಪೊಲೀಸರನ್ನ ಕರೆಸಿದ್ರು. ಹೆಣ ಅಲ್ಲೇ ಬಿಟ್ಟು ಗುರುತಿನ ಚೀಟಿ ತೋರಿಸ್ತಾ ನಿಂತ್ವಿ.”

“ಟೊಮೇಟೊ ಗಿಡ ಹೂ ಬಿಟ್ರೂ ನಿಮ್ಮಪ್ಪ ಅದನ್ನೇ ಹೇಳ್ತಿದ್ರು ಕಣೋ. ನೀನು ಹುಟ್ಟಿದಾಗ ಕಿವೀಲಿ ಹೇಳಿದ್ದೂ ಅದನ್ನೇ. ಆಗ ಬಿದ್ದೋನು ನೀನೊಬ್ಬನೇ, ಬಾಂಬಲ್ಲ” ಅಂದಳು ಅಮ್ಮ.

ಮೌಲೂದ್ ನಗಲಿಲ್ಲ. ಮೆಲ್ಲಗೆ ಹೇಳಿ ಎಂದು ಇಮಾಮರನ್ನು ಅಂಗಲಾಚಿದ. ಅವರೂ ಆಗಲಿ ಎಂದು ತಲೆಯಾಡಿಸಿದರು.

“ಕಳ್ಳನ್ನ ಸಾಗಹಾಕಿದ ಹಾಗೆ ಕಳಿಸ್ತೀಯೇನೋ ಅವರನ್ನ?” ಅಮ್ಮ ಕೇಳಿದಳು. ನಮ್ಮಲ್ಲಿ ಮಣ್ಣಿಗೆ ಹೆಂಗಸರು ಹೋಗುವುದಿಲ್ಲ. ನಲವತ್ತು ವರ್ಷ ಜೊತೆಗೆ ಬಾಳಿದವನನ್ನು ಅವಳು ಬೀಳ್ಕೊಡಲು ಇದ್ದದ್ದು ಈ ನಮಾಜು ಮಾತ್ರ.

ಆ ಟೀವಿಯವನ ಮೇಲೆ ನನಗೆ ಮೈಯೆಲ್ಲ ಉರಿ. ನಮ್ಮ ಮನೆಮಾತಿಗೆ ಅರ್ಥ ಹೇಳಲು ಇವನನ್ನು ಕರೆದವರು ಯಾರು? ಹಗ್ಗವನ್ನು ಹಾವೆಂದು ಕೂಗುವವರು ಅವರು, ಬಡಿಗೆ ಪೆಟ್ಟು ಬೀಳುವುದು ನಮಗೆ. ಅಣ್ಣನ ಹೆದರಿಕೆಯೂ ಸುಳ್ಳಲ್ಲ.

ನಾನೂ ಅಮ್ಮನೂ ಹಿಂದೆ, ಹೆಂಗಸರ ಪರದೆಯ ಈಚೆ ನಿಂತೆವು. ಮೊದಲ ಕೂಗು ಹೇಗೋ ಕೇಳಿಸಿತು. ಆಮೇಲೆ ಏನೂ ಇಲ್ಲ. ಅಮ್ಮ ಕಣ್ಣು ಮುಚ್ಚಿ ಕಾಯುತ್ತಲೇ ಇದ್ದಳು. ಆಚೆ ಕಾಲುಗಳ ಸದ್ದು, ವ್ಯಾನಿನ ಬಾಗಿಲು ಹಾಕಿದ ಸದ್ದು. ಗಾಡಿ ಹೊರಟೇಹೋಯಿತು.

“ಎರಡನೇದು ಇನ್ನೂ ಹೇಳ್ಲಿಲ್ವಲ್ಲೇ ನಸೀರಾ?”

ಮುಗಿದುಹೋಯಿತು ಅಂತ ನಾನು ಹೇಳಲಿಲ್ಲ. ಉಳಿದ ಮೂರನ್ನೂ ನಾನೇ ಅವಳ ಕಿವಿಯಲ್ಲಿ ಹೇಳಿದೆ. ಒಂದೊಂದಕ್ಕೂ ಅವಳ ತುಟಿ ಅಲುಗಿತು. ಕೊನೆಗೆ ಬಲಕ್ಕೆ ಮುಖ ತಿರುಗಿಸಿ ಸಲಾಂ ಹೇಳಿದಳು, ಪರದೆ ಸರಿಸಿ ಖಾಲಿ ಅಂಗಳ ನೋಡಿದಳು.

“ಯಾರೂ ಇಲ್ದೇ ಇರೋವಾಗ ನೀನೂ ಯಾಕೆ ಪಿಸುಗುಟ್ಟಿದೆ?”

ನಾನು ಎದುರು ಮನೆಯ ಕಿಟಕಿಗಳನ್ನು ನೋಡಿದೆ. ಎಲ್ಲ ಮುಚ್ಚಿದ್ದವು. ಆಗಸ್ಟ್ ತಿಂಗಳು, ಆ ಮನೆಯವರು ಹೋದ ವಾರವೇ ಬಾಗಿಲು ಹಾಕಿಕೊಂಡು ರಜೆಗೆಂದು ಕಡಲತೀರಕ್ಕೆ ಹೋಗಿದ್ದರು.