ಹಲ್ಲು ಕೀಳದ ಡಾಕ್ಟರು

ಹಲ್ಲಿನ ಡಾಕ್ಟರಾಗಿದ್ದೂ ಹಲ್ಲು ಕೀಳಲು ಹಿಂದೆಮುಂದೆ ನೋಡುವವರು ಊರಿಗೆಲ್ಲ ಅವರೊಬ್ಬರೇ. ಜೇಬಿನ ಬಳಿ ಶಾಯಿಯ ಕಲೆಯಿರುವ ಅದೇ ಬಿಳಿ ಕೋಟು, ತುಸು ಎಡಕ್ಕೆ ವಾಲುವ ನಡಿಗೆ, ರೋಗಿ ಬಾಯಿ ತೆರೆಯುವ ಮೊದಲೇ ಎದುರು ಕುರ್ಚಿ ಎಳೆದು ಕೂತು ಮಾತುಮಾತಿಗೂ "ಆಯ್ತು, ಆಮೇಲೆ?" ಎನ್ನುವ ಅಭ್ಯಾಸ. ಇವರ ಕೈಯಲ್ಲಿ ಹಲ್ಲಿಗಿಂತ ಮೊದಲು ಕತೆ ಹೊರಬರುತ್ತದೆ ಎಂದು ನರ್ಸಮ್ಮ ನಗೆಯಾಡುವುದುಂಟು.

ಒಂದು ಬೆಳಿಗ್ಗೆ ಬಸ್ ಕಂಡಕ್ಟರ್ ಹೆಂಗಸೊಬ್ಬಳು ಬಂದಳು. ಮೂರು ತಿಂಗಳಿಂದ ಬಲದವಡೆಯಲ್ಲಿ ಕರೆಂಟು ಹೊಡೆದಂಥ ನೋವು, ಕ್ಷಣದಲ್ಲಿ ಬಂದು ಕ್ಷಣದಲ್ಲಿ ಮಾಯ. ಕಿಟಕಿಯ ಗಾಳಿ ಸೋಕಿದರೂ ಬರುತ್ತದೆ, ಮುಖ ತೊಳೆದರೂ, ಸ್ಟಾಪಿನ ಹೆಸರು ಕೂಗಲು ಬಾಯಿ ತೆರೆದರೂ ಬರುತ್ತದೆ. ಕೂಗದ ಕಂಡಕ್ಟರನ್ನು ಯಾರು ಇಟ್ಟುಕೊಳ್ಳುತ್ತಾರೆ? ಡಿಪೋದಲ್ಲಿ ಆಗಲೇ ಇವಳದು ನಾಟಕ ಎಂಬ ಮಾತೆದ್ದಿತ್ತು. ಇವತ್ತೇ ಹಲ್ಲು ಕಿತ್ತುಬಿಡಿ ಎಂದು ಅವಳು ಹಟ ಹಿಡಿದಳು.

ಡಾಕ್ಟರು ಹಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದರು, ಎಕ್ಸ್‌ರೇ ತೆಗೆದರು. ಎಲ್ಲವೂ ಗಟ್ಟಿಮುಟ್ಟು.

"ನೋವೆಲ್ಲಿ, ತೋರಿಸಮ್ಮ."

ಅವಳ ಬೆರಳು ಕೆನ್ನೆಯವರೆಗೆ ಬಂದು, ಮುಟ್ಟದೆ, ಗಾಳಿಯಲ್ಲೇ ನಿಂತಿತು. ಡಾಕ್ಟರು ಎಕ್ಸ್‌ರೇಯನ್ನು ಕೆಳಗಿಟ್ಟರು. ಹಲ್ಲುನೋವಿನವರು ಕೆನ್ನೆಯನ್ನು ಅಂಗೈಯಲ್ಲಿ ಒತ್ತಿಕೊಂಡೇ ಬರುತ್ತಾರೆ. ಹೀಗೆ ಮುಟ್ಟಲು ಹೆದರುವ ಬೆರಳನ್ನು ಅವರು ಹಿಂದೊಮ್ಮೆ ನೋಡಿದ್ದರು, ನೋಡಿಯೂ ಅರ್ಥಮಾಡಿಕೊಂಡಿರಲಿಲ್ಲ.

ಮೇಜಿನ ಖಾನೆಯಿಂದ ಪುಟ್ಟ ಶೀಶೆಯೊಂದನ್ನು ತೆಗೆದು ಅವಳ ಮುಂದಿಟ್ಟರು. ಒಳಗೆ ಹುಳುಕಿನ ಚುಕ್ಕೆಯೂ ಇಲ್ಲದ ಮೂರು ಹಲ್ಲು.

"ನಮ್ಮಕ್ಕಂದು. ನಾನೇ ಕಿತ್ತಿದ್ದು, ಒಂದಾದ್ಮೇಲೊಂದು. ನೋವು ಹೋಗ್ಲಿಲ್ಲ. ಅದಿದ್ದಿದ್ದು ಮುಖದ ನರದಲ್ಲಿ."

ಅವಳು ಶೀಶೆಯನ್ನೇ ನೋಡುತ್ತ ಕೇಳಿದಳು, "ಹಾಗಾದ್ರೆ ನಾನು ನಾಟಕ ಆಡ್ತಿಲ್ಲ, ಅಲ್ವಾ ಸಾರ್?"

"ಇಲ್ಲಮ್ಮ. ನಿನ್ನ ನೋವು ನಿಜ. ಹಲ್ಲು ಮಾತ್ರ ನಿರಪರಾಧಿ."

ಅವಳು ಅತ್ತಳು, ಕಣ್ಣೀರನ್ನೂ ಕೆನ್ನೆಗೆ ತಾಗದಂತೆ ಒರೆಸಿಕೊಂಡಳು. ಅವರು ಅಂದು ಕ್ಲಿನಿಕ್ಕಿನ ಬಾಗಿಲು ಹಾಕಿ ಅವಳನ್ನು ನರರೋಗದ ಡಾಕ್ಟರ ಬಳಿಗೆ ತಾವೇ ಕರೆದೊಯ್ದರು. ಸ್ಕ್ಯಾನ್ ಆಯಿತು, ಮುಖದ ನರಶೂಲೆ ಎಂಬುದು ಖಚಿತವಾಯಿತು, ಮಾತ್ರೆ ಶುರುವಾಯಿತು. ಡಿಪೋಗೂ ಒಂದು ಕಾಗದ ಹೋಯಿತು.

ಮೂರು ವಾರದ ನಂತರ ಬೀದಿಯಲ್ಲಿ ಬಸ್ಸು ನಿಂತಾಗ ಸ್ಟಾಪಿನ ಹೆಸರು ಅವಳದೇ ದನಿಯಲ್ಲಿ ಜೋರಾಗಿ ಕ್ಲಿನಿಕ್ಕಿನೊಳಗೆ ಕೇಳಿಬಂತು. ಯಾರದೋ ಬಾಯಲ್ಲಿದ್ದ ಡಾಕ್ಟರ ಕೈ ಗಳಿಗೆ ಹೊತ್ತು ನಿಂತಿತು. ಆ ಭಾನುವಾರ ಅಕ್ಕನಿಗೆ ಇದನ್ನೆಲ್ಲ ಹೇಳಿದರು. ಈಗಲೂ ಎಡಗಡೆಯಲ್ಲೇ ಅಗಿಯುವ ಅಕ್ಕ ತುತ್ತು ನುಂಗಿ, "ಅಂತೂ ನನ್ನ ಹಲ್ಲು ಕೆಲಸಕ್ಕೆ ಬಂತಲ್ಲೋ" ಎಂದಳು.

ತಪ್ಪೇ ಮಾಡದ ವೈದ್ಯರು ಎಲ್ಲಾದರೂ ಇರಬಹುದು. ನೋವು ತಿನ್ನುವವರಿಗೆ ಬೇಕಾದವರು, ತಮ್ಮ ತಪ್ಪನ್ನು ಕೈಗೆಟುಕುವ ಖಾನೆಯಲ್ಲೇ ಇಟ್ಟುಕೊಂಡು ದಿನಾ ಅದರೆದುರು ಕೂರುವ ಇಂಥವರು.